ಮರದ ಮುಂದೆ ಬಾರದ ಮಾತು

ಶಾಪ, ಮರಕ್ಕೆ ಕಿವಿ ಇದೆ ಎನ್ನುವುದು, ಇವನ್ನೆಲ್ಲ ನಾನು ನಂಬಿದವನಲ್ಲ. ಕಾರವಾರದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವನು ನಂಬಿದರೆ ಹುಡುಗರು ನಗುತ್ತಾರೆ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಅಗಸೂರಿನ ಕಾಡಿನಲ್ಲಿ ನಡೆದದ್ದನ್ನು ಮುಚ್ಚಿಟ್ಟುಕೊಂಡು ಸಾಕಾಗಿದೆ.

ಆಗ ನಾನು ಕಾರವಾರ, ಅಂಕೋಲೆಗಳ ಕಾಡುಮರಗಳ ಪಟ್ಟಿ ಮಾಡುತ್ತಿದ್ದೆ. ಹಿಂದಿನ ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಮರವನ್ನು ತೋರಿಸಿದವರು ಬೀರಮ್ಮ. ಗದ್ದೆ ಕೆಲಸ ಮಾಡಿಕೊಂಡು ಊರಿಗೆ ಮದ್ದು ಕೊಡುತ್ತಿದ್ದ ಮುದುಕಿ. ಮರ ಕಾಡುಜಾಯಿಕಾಯಿಯ ಜಾತಿ, ಕೆತ್ತಿದರೆ ಕೆಂಪು ರಸ ಸುರಿಯುತ್ತದೆ. ಅದರ ತೊಗಟೆ ತೇದು ಮಕ್ಕಳ ಬಾಯಿಹುಣ್ಣಿಗೆ ಹಚ್ಚುತ್ತಿದ್ದರು. ತೆಗೆಯುವುದಕ್ಕೂ ಒಂದು ಕ್ರಮವಿತ್ತು. ಹಿಂದಿನ ಸಂಜೆ ಬುಡದಲ್ಲಿ ಎಲೆ ಅಡಿಕೆ ಇಟ್ಟು, ಯಾವ ಮಗುವಿಗೆ ಬೇಕೆಂದು ಮರಕ್ಕೆ ಹೇಳಿ ಬರಬೇಕು. ಬೆಳಿಗ್ಗೆ ಅಂಗೈಯಗಲ ಮಾತ್ರ ಕೆತ್ತಿ, ಗಾಯಕ್ಕೆ ಸಗಣಿ ಮೆತ್ತಬೇಕು.

"ಬರ್ಕಳಿ ಮಾಸ್ತರೆ, ಅಡ್ಡಿಲ್ಲ. ಜಾಗ ಮಾತ್ರ ಬರೆಯೂದು ಬೇಡ. ಊರಿಗೆ ಇದೊಂದೇ ಮರ" ಎಂದಿದ್ದರು. ನಾನು ಒಪ್ಪಿದ್ದೆ.

ಆದರೆ ಜಾಗವಿಲ್ಲದ ಹೊಸ ದಾಖಲೆಯನ್ನು ಯಾರು ಕೇಳುತ್ತಾರೆ? ಮರ ಯಾವ ಹಳ್ಳದ ಯಾವ ದಂಡೆಯಲ್ಲಿದೆ, ಏನು ಉಪಯೋಗ, ಎಲ್ಲ ಬರೆದು ಅಚ್ಚು ಹಾಕಿಸಿದೆ. ಮಳೆಗಾಲ ಮುಗಿಯುವುದರೊಳಗೆ ಯಾರೋ ಬಂದು ಆಳೆತ್ತರದವರೆಗೆ ಸುತ್ತಲೂ ತೊಗಟೆ ಸುಲಿದುಕೊಂಡು ಹೋದರು. ನನ್ನ ಲೇಖನ ಓದಿಯೇ ಬಂದರೋ ಗೊತ್ತಿಲ್ಲ. ಸುದ್ದಿ ಕೇಳಿದ ದಿನ ನನಗೆ ಅನ್ನ ಸೇರಲಿಲ್ಲ.

ಮರುದಿನವೇ ಹೋದೆ. ಬೀರಮ್ಮ ಬೈಯಲಿಲ್ಲ. ನಡುಹಗಲಲ್ಲಿ ಮರದ ಹತ್ತಿರ ಕರೆದುಕೊಂಡು ಹೋಗಿ, "ನಂಗೆ ಹೇಳೂದು ಬೇಡ. ಇವ್ರು ನಮ್ಮೋರೇ ಅಂತ ಇದ್ಕೆ ಹೇಳಿ ನಿಮ್ಮನ್ನ ಕರ್ಕಂಡು ಬಂದವ್ಳು ನಾನು. ತಪ್ಪಾಯ್ತು ಅಂತ ಇದ್ರ ಹತ್ರ ಒಂದ್ಮಾತು ಹೇಳಿ" ಎಂದರು.

ನನಗೇನೂ ನಾಚಿಕೆಯಾಗಲಿಲ್ಲ. ತಪ್ಪಾಯಿತು ಎನ್ನಲೆಂದೇ ಬಂದಿದ್ದೆ. ಸುಲಿದ ಕಾಂಡದ ಮೇಲೆ ಕೈಯಿಟ್ಟು ಬಾಯಿ ತೆರೆದೆ. ಧ್ವನಿ ಹೊರಡಲಿಲ್ಲ. ಮತ್ತೆ ಪ್ರಯತ್ನಿಸಿದೆ. ತುಟಿ ಆಡುತ್ತಿತ್ತು, ಗಂಟಲಲ್ಲಿ ನೋವಿರಲಿಲ್ಲ, ಬರೀ ಉಸಿರು ಬರುತ್ತಿತ್ತು. ಬೀರಮ್ಮ ನನ್ನ ಬೆನ್ನ ಹಿಂದೆ ಬಹಳ ಹೊತ್ತು ಕಾದರು.

"ಮನ್ಸಿಲ್ದಿದ್ರೆ ಬಿಡಿ ಮಾಸ್ತರೆ" ಎಂದು ತಿರುಗಿ ನಡೆದುಬಿಟ್ಟರು. ಕೂಗಲು ನೋಡಿದೆ, ಆಗಲಿಲ್ಲ. ಓಡಿಹೋಗಿ ಎದುರು ನಿಂತು ಗಂಟಲು ಮುಟ್ಟಿ ತೋರಿಸಬಹುದಿತ್ತು. ಗಾಬರಿಯಲ್ಲಿ ಅದೂ ಹೊಳೆಯಲಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆ ಎಂದಾಗ "ಕಾರವಾರ" ಎಂದದ್ದು ಅಕ್ಕಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ ಬಂತು. ಅಲ್ಲೇ ಇಳಿದು ವಾಪಸ್ ಹೋಗಬೇಕಿತ್ತು. ನಾಳೆ ಹೋದರಾಯಿತು ಎಂದುಕೊಂಡೆ. ಪರೀಕ್ಷೆ, ಪೇಪರ್ ತಿದ್ದುವುದು ಎಂದು ದಿನ ಹೋಯಿತು. ದೀಪಾವಳಿಗೆ ಮೊದಲೇ ಬೀರಮ್ಮ ತೀರಿಕೊಂಡರು. ಮರವೂ ಒಣಗಿತು.

ಡಾಕ್ಟರು ನೋಡಿ ಗಂಟಲು ಚೆನ್ನಾಗಿದೆ ಎಂದರು. ಮರಕ್ಕೇ ನನ್ನ ಮಾತು ಬೇಡವಾಯಿತೋ, ನನ್ನೊಳಗಿನದೇ ಏನೋ ತಡೆಹಿಡಿಯಿತೋ, ಇವತ್ತಿಗೂ ತಿಳಿದಿಲ್ಲ. ತಪ್ಪು ಒಪ್ಪಿಕೊಳ್ಳಲು ಮನಸ್ಸಿಲ್ಲದ ಮನುಷ್ಯ ನಾನು ಎಂದುಕೊಂಡೇ ಬೀರಮ್ಮ ಹೋದರು.