ಅತ್ತೆ ಪಳಗಿಸಿದ ಚೀನಾ ಬಾಣಲೆ

“ತಡಿಯಪ್ಪಾ, ಬಾಣಲೆದೇನೂ ತಪ್ಪಿಲ್ಲ!” ಹೊಸಕೋಟೆಯ ಪಾತ್ರೆ ಅಂಗಡಿಯಲ್ಲಿ ನಮ್ಮತ್ತೆ ಹೀಗೆ ನಡುವೆ ಬಾಯಿ ಹಾಕಿದಾಗ ನಾನು ಮುಜುಗರದಿಂದ ಅವರ ಸೆರಗು ಎಳೆದೆ. ಫ್ರೈಡ್ ರೈಸ್ ಮಾಡಲು ಅಗ್ಗದ ಕಬ್ಬಿಣದ ಚೀನಾ ಬಾಣಲೆ ಕೊಳ್ಳಲು ಹೋಗಿದ್ದೆವು. ಪಕ್ಕದಲ್ಲಿ ಗೋಬಿ ಗಾಡಿಯವನೊಬ್ಬ, ಹಿಂದಿನ ದಿನ ಒಯ್ದ ಅಂಥದ್ದೇ ಬಾಣಲೆಗೆ ನೂಡಲ್ಸ್ ಎಲ್ಲಾ ಅಂಟಿಕೊಳ್ಳುತ್ತಿದೆ ಎಂದು ಅಂಗಡಿಯವರೊಂದಿಗೆ ಜಗಳಕ್ಕೆ ನಿಂತಿದ್ದ.

ನೂಡಲ್ಸನ್ನು ಎಂದೂ ಬಾಯಿಗಿಟ್ಟಿರದ ಅತ್ತೆ ಅವನ ಬಾಣಲೆ ತೆಗೆದುಕೊಂಡು, ಒಳಗೆಲ್ಲ ಕೈಯಾಡಿಸಿ ಹೇಳಿದರು: “ಹೊಸ ದೋಸೆ ಕಾವಲಿ ಪಳಗಿಸಲ್ವಾ? ಇದೂ ಅಷ್ಟೇ ಕಣಪ್ಪಾ. ಒಂದಿನ ಗಂಜಿ ತುಂಬ್ಸಿಡು. ಆಮೇಲೆ ತೊಳ್ದು, ಎಣ್ಣೆ ಸವರಿ, ಈರುಳ್ಳಿ ಹಾಕಿ ಕರ್ರಗಾಗೋ ತನ್ಕ ಹುರಿ.” ಅವನು ಅರೆಮನಸ್ಸಿನಿಂದಲೇ ಬಾಣಲೆ ವಾಪಸ್ ಒಯ್ದ.

ಮುಂದಿನ ವಾರ ಬಸ್ ಸ್ಟ್ಯಾಂಡ್ ಬಳಿ ಹೋಗುತ್ತಿದ್ದಾಗ “ಅಜ್ಜೀ, ನಿಂತ್ಕೊಳಿ!” ಎಂಬ ಕೂಗು. ಅದೇ ಗಾಡಿಯವನು ನೂಡಲ್ಸನ್ನು ಗಾಳಿಗೆ ಚಿಮ್ಮಿಸಿ, ಒಂದೆಳೆಯೂ ಅಂಟದಂತೆ ಬಾಣಲೆಗೆ ಇಳಿಸಿ ತೋರಿಸಿದ. ಬಿಸಿಬಿಸಿ ತಟ್ಟೆ ಅತ್ತೆಯ ಕೈಗೆ ಬಂತು. ಅನುಮಾನದಿಂದ ಒಂದೆಳೆ ಬಾಯಿಗಿಟ್ಟವರು ತಟ್ಟೆ ಖಾಲಿ ಮಾಡಿಯೇ ಬಿಟ್ಟರು.

ಅಂದು ಕೊಂಡು ತಂದ ನನ್ನ ಬಾಣಲೆಯನ್ನೂ ಮನೆಯಲ್ಲಿ ಅವರೇ ಪಳಗಿಸಿದರು. ಈಗ ಅದರಲ್ಲಿ ದಿನವೂ ಕಡಲೆಬೀಜ ಹುರಿಯುತ್ತಾರೆ. ನನ್ನ ಫ್ರೈಡ್ ರೈಸಿನ ಸರದಿ ಇನ್ನೂ ಬಂದಿಲ್ಲ.