ನಾಲ್ಕನೇ ಮಹಡಿಗೆ ಮಾತ್ರ ಕಂಡ ಸೊಟ್ಟ ಡೆಕ್

ಹೈಟೆಕ್ ಸಿಟಿಯಲ್ಲಿ ನೋಡನೋಡುತ್ತ ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳು. ನಾನು ಆಗ ಸನತ್‌ನಗರದ ಒಂದು ವರ್ಕ್‌ಶಾಪಿನಲ್ಲಿ ಮುಖ್ಯ ಮೆಕ್ಯಾನಿಕ್. ಐಟಿ ಕಂಪನಿಗಳ ತೋಟದ ಯಂತ್ರಗಳ ರಿಪೇರಿ ನಮ್ಮ ಪಾಲಿಗಿತ್ತು. ಅವುಗಳಲ್ಲಿ ಒಂದು ಹಳೆಯ ಗಾರ್ಡನ್ ಟ್ರಾಕ್ಟರ್ ನನ್ನ ಜೀವ ಹಿಂಡಿದಷ್ಟು ಬೇರೆ ಯಾವುದೂ ಹಿಂಡಲಿಲ್ಲ.

ಇಂಥ ಟ್ರಾಕ್ಟರಿನ ಹೊಟ್ಟೆಯ ಕೆಳಗೆ ಬ್ಲೇಡುಗಳನ್ನು ಮುಚ್ಚಿಕೊಂಡ ಅಗಲವಾದ ಕಬ್ಬಿಣದ ಕವಚ ತೂಗುತ್ತಿರುತ್ತದೆ. ಅದೇ ಡೆಕ್. ಅದರ ಎಡ ಬಲ ಸಮ ಇರಬೇಕು, ಮುಂಭಾಗ ಹಿಂಭಾಗಕ್ಕಿಂತ ಕಾಲು ಇಂಚು ತಗ್ಗಿರಬೇಕು. ಒಂದು ಬದಿ ಇಳಿದರೆ ಹುಲ್ಲನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುತ್ತದೆ.

ಏಪ್ರಿಲ್ ಬಿಸಿಲಿನಲ್ಲಿ ಒಂದು ಕಂಪನಿಯ ಆಡಳಿತಾಧಿಕಾರಿ ಕುಲಕರ್ಣಿ ಫೋನ್ ಮಾಡಿದರು. ಧಾರವಾಡದವರು. "ಡೆಕ್ ಸೊಟ್ಟ ಆಗೇತ್ರಿ. ಲಾನ್ ಪಟ್ಟಾಪಟ್ಟಿ ಕಾಣಾಕತ್ತೈತಿ. ಸೋಮವಾರ ಫಾರಿನ್ ಕ್ಲೈಂಟ್ ಬರ್ತಾರ!"

ಹೋದೆ. ಟ್ರಾಕ್ಟರನ್ನು ಸಮತಟ್ಟಾದ ಕಾಂಕ್ರೀಟಿನ ಮೇಲೆ ನಿಲ್ಲಿಸಿ, ಟೈರುಗಳ ಗಾಳಿ ಸರಿ ಮಾಡಿ, ಎಂಜಿನ್ ಅಕಸ್ಮಾತ್ ಹತ್ತದಂತೆ ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತು, ಬ್ಲೇಡಿನ ತುದಿಯಿಂದ ನೆಲಕ್ಕೆ ಎರಡೂ ಬದಿ ಅಳೆದೆ. ಬಲಗಡೆ ತುಸು ಇಳಿದಿತ್ತು. ನಟ್ಟು ತಿರುಗಿಸಿ ಸಮ ಮಾಡಿ ಬಂದೆ. ಮರುದಿನ ಮತ್ತೆ ಅದೇ ಫೋನ್, ಅದೇ ಪಟ್ಟಾಪಟ್ಟಿ. ಮತ್ತೆ ಹೋದೆ, ಮತ್ತೆ ಅಳೆದೆ. ಎಲ್ಲ ಸರಿಯೇ ಇತ್ತು. ಅದರ ಮರುದಿನವೂ ಕರೆದರು!

ಈ ಸಲ ಕುಲಕರ್ಣಿ ಬೇರೆಯೇ ರಾಗ ತೆಗೆದರು. "ಮಷೀನ್ ಸರಿ ಐತಂದ್ರ ಡ್ರೈವರ್ ಸರಿಯಿಲ್ಲ. ಅವನ್ನ ತೆಗೆದು ಬಿಡ್ತೀವಿ."

ಡ್ರೈವರ್ ಭೀಮಣ್ಣ ಸೇಡಂ ಕಡೆಯವನು. ಹೆಂಡತಿ ಅದೇ ತೋಟದಲ್ಲಿ ಕಳೆ ಕೀಳುತ್ತಿದ್ದಳು, ಸಂಸಾರ ಕ್ಯಾಂಪಸ್ಸಿನ ಹಿಂದಿನ ತಗಡಿನ ಶೆಡ್ಡಿನಲ್ಲಿ. ಕೆಲಸ ಹೋದರೆ ಶೆಡ್ಡೂ ಹೋಗುತ್ತಿತ್ತು. "ನಾ ನೆಟ್ಟಗ ಹೊಡೀತೀನ್ರಿ ಸಾಹೇಬ್ರ. ಇನ್ನೇನ್ ಮಾಡ್ಲಿ ಹೇಳ್ರಿ?" ಎಂದು ಕಣ್ಣು ತುಂಬಿಕೊಂಡ.

ನನ್ನ ಪಿತ್ತ ನೆತ್ತಿಗೇರಿತು. "ಕುಲಕರ್ಣಿಯವರ, ಎಲ್ಲಿ ನಿಂತ್ ನೋಡೀರಿ ಇದನ್ನ?"

"ನಾ ಅಲ್ರಿ, ನಾಲ್ಕನೇ ಫ್ಲೋರಿನ್ಯಾಗ ವೈಸ್ ಪ್ರೆಸಿಡೆಂಟ್ ನೋಡ್ಯಾರ. ಕಿಟಕಿಯಿಂದ."

ಹಾಗಾದರೆ ನಾನೂ ಅಲ್ಲಿಂದಲೇ ನೋಡಬೇಕು ಎಂದೆ. ತೋಟದ ಕೆಲಸಕ್ಕೆ ಬಂದವರಿಗೆ ಲಿಫ್ಟಿಲ್ಲ, ಒಳಗೆ ಬಿಡುವ ಬ್ಯಾಡ್ಜಿಲ್ಲ ಎಂದರು ಕುಲಕರ್ಣಿ. ಹುಲ್ಲು ಕತ್ತರಿಸುವವರು ಮೇಲೆ ಬರಬಾರದು, ಮೇಲಿನವರು ಹುಲ್ಲು ತುಳಿಯಬಾರದು, ಇದು ಅಲ್ಲಿನ ರಿವಾಜು. ಕೂಗಾಡಿ, ಹಾಗಾದರೆ ನೀವೇ ಮಾಡಿಕೊಳ್ಳಿ ಎಂದು ಸ್ಪ್ಯಾನರನ್ನು ಅವರ ಮೇಜಿನ ಮೇಲಿಟ್ಟ ಮೇಲೆ ಬ್ಯಾಡ್ಜ್ ಬಂತು.

ಮೇಲಿನಿಂದ ನೋಡಿದರೆ ಒಂದು ಪಟ್ಟಿ ತಿಳಿ ಹಸಿರು, ಪಕ್ಕದ್ದು ಕಡು ಹಸಿರು. ಅಯ್ಯೋ ದೇವರೇ! ಟ್ರಾಕ್ಟರ್ ಹೋಗುವಾಗ ಹುಲ್ಲು ಆ ಕಡೆ ಬಾಗುತ್ತದೆ, ತಿರುಗಿ ಬರುವಾಗ ಈ ಕಡೆ. ನಮ್ಮತ್ತ ಬಾಗಿದ್ದು ಕಪ್ಪಾಗಿ, ಆಚೆ ಬಾಗಿದ್ದು ತಿಳಿಯಾಗಿ ಕಾಣುತ್ತದೆ. ಎತ್ತರ ಎಲ್ಲ ಕಡೆ ಒಂದೇ. ಕುಲಕರ್ಣಿಯವರನ್ನು ಲಾನಿನ ಆಚೆಗಿದ್ದ ಕಟ್ಟಡದ ಮಹಡಿಗೆ ಎಳೆದೊಯ್ದೆ.

"ಅರೆ! ಪಟ್ಟಿ ಉಲ್ಟಾ ಆತಲ್ರಿ!" ಎಂದರು. ಕ್ಷಣ ಬಿಟ್ಟು, "ಹಂಗಾದ್ರ ಸಾಹೇಬ್ರ ಕಿಟಕಿಗೆ ಪೂರಾ ಕಡು ಹಸರು ಕಾಣೋ ಹಂಗ ಡೆಕ್ ಅಡ್ಜಸ್ಟ್ ಮಾಡ್ರಿ."

ಹಣೆ ಹಣೆ ಬಡಿದುಕೊಂಡೆ. "ಡೆಕ್ಕಿನ ಸುದ್ದಿ ಬಿಡ್ರಿ ಮಹಾರಾಯರ! ಸಾಹೇಬ್ರ ಕಿಟಕಿ ಕಡೆ ಬರ್‍ತಾ ಅಷ್ಟ ಕತ್ತರಿಸಿದ್ರ ಸಾಕು. ತಿರುಗಿ ಹೋಗೋದು ಅಂಚಿನ ದಾರಿಯಿಂದ, ಡೆಕ್ ಎತ್ತಿಕೊಂಡು. ಆದ್ರ ಭೀಮಣ್ಣನ ಕೆಲಸದ ಮಾತು ಇವತ್ತಿಗೆ ಮುಗೀತು. ಮದಲ ಅವನ್ನ ಇಲ್ಲಿ ಕರಸ್ರಿ. ಏನ್ ತಪ್ಪಂತ ಅವನೂ ನೋಡ್ಲಿ."

ಕುಲಕರ್ಣಿ ಒಪ್ಪಿದರು. ಭೀಮಣ್ಣ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬಂದು ಗಾಜಿನ ಮುಂದೆ ನಿಂತ. ತಾನು ಎರಡು ವರ್ಷ ಕತ್ತರಿಸಿದ ಲಾನನ್ನು ಅವನು ಮೇಲಿನಿಂದ ನೋಡಿದ್ದು ಅದೇ ಮೊದಲು.

"ಎಷ್ಟ್ ಛಂದ ಬಂದಾವ್ರಿ ಗೆರಿ," ಎಂದ. "ಇವನ್ನ ಅಳಸಬೇಕೇನ್ರಿ?"

ಕುಲಕರ್ಣಿ ಗಡಿಯಾರ ನೋಡಿದರು. ನಾನು ಹೂಂ ಎಂದೆ.

ಅಂದಿನಿಂದ ದೂರುವವರು ನಿಂತ ಜಾಗದಲ್ಲಿ ನಾನೂ ನಿಂತು ನೋಡದೆ ಸ್ಪ್ಯಾನರ್ ಮುಟ್ಟಿದವನಲ್ಲ. ಭೀಮಣ್ಣನ ಕೆಲಸ ಉಳಿಯಿತು. ಸೋಮವಾರದ ಹೊತ್ತಿಗೆ ಒಂದು ಗೆರೆಯೂ ಇಲ್ಲದಂತೆ ಕತ್ತರಿಸಿದ. ಕ್ಲೈಂಟುಗಳು ಬಂದರು, ಪ್ರೊಜೆಕ್ಟರ್ ಸರಿಯಾಗಿ ಕಾಣಲೆಂದು ನಾಲ್ಕನೇ ಮಹಡಿಯ ಆ ಕಿಟಕಿಯ ಪರದೆ ಎಳೆಸಿದರು, ಸಂಜೆ ಲಾನ್ ನೋಡದೆಯೇ ಹೊರಟುಹೋದರು.