ಮಂಗಳವಾರ ಬಂದ 'ಎರೆನೆಲ'

'ಎರೆನೆಲ' ಅಥಣಿಯ ಒಂದು ವಾರಪತ್ರಿಕೆ. ಶುಕ್ರವಾರ ಹೊರಬೀಳುತ್ತದೆ. ಅಚ್ಚಿನ ಯಂತ್ರ ಕೆಟ್ಟಾಗ ಶನಿವಾರ ಬಂದದ್ದುಂಟು, ಹೊಳೆಗೆ ಮಹಾಪೂರ ಬಂದ ವರ್ಷ ಬರದೇ ಇದ್ದದ್ದೂ ಉಂಟು. ಆದರೆ ಮಂಗಳವಾರ ಎಂದೂ ಬಂದಿರಲಿಲ್ಲ. ಹೋದ ವರ್ಷ ಕಬ್ಬು ಕಡಿಯುವ ಹಂಗಾಮಿನಲ್ಲಿ ಅದರ ಮುಖಪುಟ ಮಂಗಳವಾರ ಬೆಳಿಗ್ಗೆ ಜನರ ಮೊಬೈಲಿಗೆ ಬಂತು. ಇವತ್ತು ಯಾಕೆ ಬಂತು ಎಂದು ಯಾರೂ ವಿಚಾರ ಮಾಡಲಿಲ್ಲ.

ಸಂಪಾದಕಿ ತ್ರಿಶಲಾ ಅಕ್ಕನಿಗೆ ಅದನ್ನು ಮೊದಲು ತೋರಿಸಿದವಳು ಸೀಮಾ. ಸೀಮಾ ಕಂಪ್ಯೂಟರಿನಲ್ಲಿ ಪತ್ರಿಕೆಯ ಪುಟ ಕಟ್ಟುವವಳು. ಕಚೇರಿಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಫೋನು ಮುಂದೆ ಹಿಡಿದಳು.

"ಅಕ್ಕಾರ, ಇದನ್ನ ಬ್ಯಾರೆ ಕಡೆ ಮಾಡ್ಸೀರೇನ್ರಿ? ನನಗ ಹೇಳೇ ಇಲ್ಲಲ್ಲ?"

ಅಕ್ಕ ಕನ್ನಡಕ ಏರಿಸಿ ನೋಡಿದರು. ಮೇಲೆ 'ಎರೆನೆಲ' ಎಂಬ ಅದೇ ದಪ್ಪ ಅಕ್ಷರ, ಕೆಳಗೆ ಅದೇ ಕೆಂಪು ಗೆರೆ, ಮೂಲೆಯಲ್ಲಿ ಅವರದೇ ಹೆಸರು. ನಡುವೆ ಮಾತ್ರ ಅವರು ಬರೆಯದ ಸುದ್ದಿ: ಮಕ್ಕಳ ಕಳ್ಳರು ತಾಲೂಕಿಗೆ ಬಂದಿದ್ದಾರೆ, ಬಾಂಡೆ-ಪಾತ್ರೆ ಮಾರುವವರ ವೇಷದಲ್ಲಿ ಓಣಿ ಓಣಿ ತಿರುಗುತ್ತಿದ್ದಾರೆ, ಕಂಡಲ್ಲಿ ಹಿಡಿಯಿರಿ. ಜೊತೆಗೆ ಯಾವುದೋ ಊರಿನ ಯಾರದೋ ಫೋಟೋ.

"ಇದು ನಮ್ಮದಲ್ಲ ಸೀಮಾ," ಎಂದರು ಅಕ್ಕ. ತಮ್ಮ ಓದುಗರ ಗುಂಪುಗಳಿಗೆಲ್ಲ ಹಾಗಂತ ಬರೆದು ಕಳಿಸತೊಡಗಿದರು. ಇನ್ನೂ ಕಳಿಸುತ್ತಿರುವಾಗಲೇ ತೆಲಸಂಗದ ಕಡೆಯಿಂದ ಫೋನು ಬಂತು. ಆಚೆಯ ಒಂದು ಹಳ್ಳಿಯಲ್ಲಿ ಬಾಂಡೆ ಮಾರುವವನೊಬ್ಬನನ್ನು ಜನ ಹಿಡಿದು ಹೊಡೆದಿದ್ದಾರೆ, ಉಳಿಯುವುದು ಕಷ್ಟ ಎಂದು.

ಮುಂದಿನದನ್ನು ಹೇಳುವ ಮೊದಲು ಈ ಪತ್ರಿಕೆಯ ಬಗ್ಗೆ ಹೇಳಬೇಕು. ಅದರಲ್ಲಿ ಆಗೀಗ ಬರೆಯುವವನು ನಾನು, ಹಾಗಾಗಿ ನನಗೆ ಅದರ ಮೇಲೆ ಸ್ವಲ್ಪ ಮಮತೆ ಜಾಸ್ತಿ ಎಂದೇ ತಿಳಿಯಿರಿ.

ಕಟ್ಟಿದವರು ಅಕ್ಕನ ತಂದೆ ಆಬಾಸಾಹೇಬರು. ಜೈನರ ಮನೆತನ, ಬೆಲ್ಲದ ಅಡತಿ ಅಂಗಡಿ. ಅಂಗಡಿಯನ್ನು ತಮ್ಮಂದಿರಿಗೆ ಬಿಟ್ಟು ಇವರು ಸಾಂಗ್ಲಿಯಿಂದ ಕಾಲಲ್ಲಿ ತುಳಿಯುವ ಹಳೆಯ ಅಚ್ಚಿನ ಯಂತ್ರ ತಂದರು. ಮೊಳೆ ಜೋಡಿಸುವ ಕಾಲ ಅದು. ಒತ್ತಕ್ಷರದ ಮೊಳೆಗಳು ಸಾಲುತ್ತಿರಲಿಲ್ಲ. ಒಂದೇ ಸುದ್ದಿಯಲ್ಲಿ 'ಕೃಷ್ಣಾ' ಎಂದು ಮತ್ತೆ ಮತ್ತೆ ಬಂದರೆ, ಮೊಳೆ ಮುಗಿದಲ್ಲಿಂದ ಮುಂದೆ 'ಹೊಳೆ' ಎಂದು ತಿದ್ದಿಕೊಳ್ಳುತ್ತಿದ್ದರಂತೆ. ಕೊನೆಯ ಪುಟ ಮರಾಠಿಯಲ್ಲಿ. ಅದಕ್ಕೆ ಕನ್ನಡದವರೂ ಬೈದರು, ಮರಾಠಿಯವರೂ ಬೈದರು, ಇಬ್ಬರೂ ಓದಿದರು.

"ದಿಲ್ಲಿ ಸುದ್ದಿ ತರಾಕ ದೊಡ್ಡ ಪೇಪರ ಅದಾವ. ನಮ್ಮ ಓಣಿ ಬಾವ್ಯಾಗ ಎಮ್ಮಿ ಬಿದ್ರ ಯಾರ ಬರೀಬೇಕು?" ಎನ್ನುತ್ತಿದ್ದರು ಆಬಾಸಾಹೇಬರು. ಮಗಳಿಗೆ ಕಲಿಸಿದ್ದು ಒಂದೇ: ಯಾರಾದರೂ ಸತ್ತರೆಂದು ಸುದ್ದಿ ಬಂದರೆ ಮೊದಲು ಅವರ ಮನೆಗೆ ಹೋಗು, ಆಮೇಲೆ ಬರೆ. ತ್ರಿಶಲಾ ಅಕ್ಕ ಹುಡುಗಿಯಾಗಿದ್ದಾಗ ಸೈಕಲ್ ಮೇಲೆ, ಆಮೇಲೆ ಬಸ್ಸಿನಲ್ಲಿ, ಎಷ್ಟು ಸಾವಿನ ಮನೆ ಹೊಕ್ಕರೋ. ಮದುವೆಯ ಮಾತು ಬಂದಾಗಲೆಲ್ಲ ಯಾವುದೋ ಸಂಚಿಕೆ ಅಡ್ಡ ಬಂತು ಎಂದು ನಗುತ್ತಾರೆ.

ಮೊಳೆ ಹೋಗಿ ಆಫ್‌ಸೆಟ್ ಬಂತು, ಅಚ್ಚಿಗೆ ಮಿರಜಿಗೆ ಹೋಗಬೇಕಾಯಿತು. ದೊಡ್ಡ ದಿನಪತ್ರಿಕೆಗಳು ಜಿಲ್ಲೆಗೊಂದು ಪುಟ ಕೊಟ್ಟವು, ಆಮೇಲೆ ತಾಲೂಕಿಗೂ ಒಂದು ಮೂಲೆ ಕೊಟ್ಟವು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗಗಳಲ್ಲಿದ್ದ ವಾರಪತ್ರಿಕೆಗಳು ಒಂದೊಂದಾಗಿ ನಿಂತವು. ಅಮೆರಿಕದಲ್ಲೂ ಹಿಂಗೇ ಊರ ಪತ್ರಿಕೆ ಮುಚ್ಚುತ್ತಿವೆಯಂತೆ, ಪತ್ರಿಕೆ ಇಲ್ಲದ ಊರಿಗೆ ಅಲ್ಲಿಯವರು ಸುದ್ದಿಯ ಮರುಭೂಮಿ ಎನ್ನುತ್ತಾರಂತೆ ಎಂದು ಅಕ್ಕ ಒಮ್ಮೆ ಎಲ್ಲೋ ಓದಿ ನನಗೆ ಹೇಳಿದ್ದರು. 'ಎರೆನೆಲ' ಮಾತ್ರ ಕುಂಟುತ್ತ ನಡೆದಿತ್ತು. ಕರೋನಾ ಬಂದು ಕಾಗದ ಮುಟ್ಟಲು ಜನ ಹೆದರಿದ ಕಾಲದಲ್ಲಿ ಅಕ್ಕ ಪುಟಗಳನ್ನು ಮೊಬೈಲಿಗೆ ಕಳಿಸಲು ಶುರು ಮಾಡಿದರು. ಅದು ಹಂಗೇ ಮುಂದುವರಿಯಿತು. ಪತ್ರಿಕೆ ಉಳಿದದ್ದು ಅದರಿಂದಲೇ. ಆ ಪುಟವನ್ನು ಯಾರು ಬೇಕಾದರೂ ತೆಗೆದುಕೊಂಡು ನಡುವಿನ ಸುದ್ದಿ ಅಳಿಸಿ ಬೇರೆ ತುಂಬಬಹುದು ಎಂಬುದು ಅವರ ತಲೆಗೆ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಹೊಡೆತ ತಿಂದವನ ಹೆಸರು ಕಾಡಸಿದ್ದ. ರಾಯಬಾಗದ ಕಡೆ ಅಲಖನೂರಿನವನು. ಹೆಂಗಸರು ತಲೆ ಬಾಚಿ ಕೂಡಿಟ್ಟ ಉದುರುಗೂದಲು ತಗೊಂಡು ಬದಲಿಗೆ ಸ್ಟೀಲಿನ ಬಾಂಡೆ ಕೊಡುವ ವ್ಯಾಪಾರ. ಹೆಂಡತಿ ತುಳಸವ್ವನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಊರೂರು ತಿರುಗುತ್ತಿದ್ದ. ಓಣಿ ಹೊಕ್ಕ ಕೂಡಲೇ ಮಕ್ಕಳಿಗೆ ಒಂದೊಂದು ಫುಗ್ಗಾ, ಅಂದರೆ ಬಲೂನು, ಊದಿ ಕೊಡುತ್ತಿದ್ದ. ಮಕ್ಕಳು ಓಡಿಹೋಗಿ ಅವ್ವಂದಿರನ್ನು ಕರೆತರುತ್ತಿದ್ದರು. ಆ ದಿನವೂ ಫುಗ್ಗಾ ಊದಿ ಒಂದು ಮಗುವಿನ ಕೈಗೆ ಕೊಟ್ಟಿದ್ದಾನೆ. ಅಷ್ಟಕ್ಕೇ ಜನ ಸುತ್ತುಗಟ್ಟಿದರು.

ಮರುದಿನ ಅಕ್ಕ ಮಿರಜಿನ ಆಸ್ಪತ್ರೆಗೆ ಹೋದರು. ಕಾಡಸಿದ್ದನ ಮುಖ ಗುರುತು ಸಿಗದಷ್ಟು ಬಾತಿತ್ತು. ಬಲಗೈ ಮುರಿದಿತ್ತು. ಒಂದು ಕಿವಿ ಇನ್ನು ಕೇಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಕ್ಕ ತಾವು ಯಾರೆಂದು ಹೇಳಿದ ಕೂಡಲೇ ತುಳಸವ್ವ ಎದ್ದು ನಿಂತಳು.

"ನಿಮ್ಮ ಪೇಪರ ತೋರಿಸಿ ಹೊಡದ್ರು. ನಾ ಎಲ್ಲಾರ ಕಾಲ ಬಿದ್ದೆ. ಪೇಪರ್‌ನ್ಯಾಗ ಬಂದೈತಿ, ನಿಂದೇನ ಕೇಳೂದು ಅಂದ್ರು."

"ಅದು ನಮ್ಮ ಪೇಪರ ಅಲ್ಲ ತಂಗಿ. ಯಾರೋ ನಮ್ಮ ಹೆಸರ ಹಾಕಿ ಮಾಡ್ಯಾರ."

"ಹೆಸರ ನಿಮ್ಮದ, ಪೇಪರ ನಿಮ್ಮದಲ್ಲ. ಓದಾಕ ಬರದ ನನಗ ಇದರಾಗ ಏನ ತಿಳೀಬೇಕ್ರಿ?" ಎಂದಳು ತುಳಸವ್ವ. "ಹೋಗ್ರಿ ಇಲ್ಲಿಂದ."

ಅಕ್ಕ ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತರು. ಇದನ್ನು ಅವರು ನನಗೆ ಹೇಳಿದ್ದು ಬಹಳ ದಿನಗಳ ಮೇಲೆ.

ಪೊಲೀಸರು ಅಕ್ಕನನ್ನು ಠಾಣೆಗೆ ಕರೆದರು. ಅವರದು ಅವರ ಕೆಲಸ. ಪುಟದ ಮೇಲೆ ಇದ್ದದ್ದು ಅಕ್ಕನ ಹೆಸರು. ಫೋನು, ಕಂಪ್ಯೂಟರು ಎಲ್ಲ ಚೌಕಶಿ, ತನಿಖೆ ಎಂದು ಪೊಲೀಸರ ಕೈಗೆ ಹೋದವು. ನನ್ನ ಫೋನಿನಿಂದ ಕರೆದರೂ ಜಾಹೀರಾತು ಕೊಡುವವರು ಎತ್ತಲಿಲ್ಲ. ಈ ಶುಕ್ರವಾರ ಸಂಚಿಕೆ ತರಬೇಡಿ, ಮೊದಲು ಎಲ್ಲ ತಣ್ಣಗಾಗಲಿ ಎಂದು ನಾನೇ ಹೇಳಿದೆ. ಅಕ್ಕ ನನ್ನ ಮಾತು ಕೇಳಲಿಲ್ಲ. ಸೀಮಾಳನ್ನು ಕರೆದುಕೊಂಡು ನಿಪ್ಪಾಣಿಯ ಪರಿಚಯದ ಲಗ್ನಪತ್ರಿಕೆ ಮಾಡುವವರ ಅಂಗಡಿಯಲ್ಲಿ ಕೂತು ಒಂದೇ ಹಾಳೆಯ ಸಂಚಿಕೆ ಮಾಡಿಸಿದರು. ಮುಂದೆ ಕನ್ನಡ, ಹಿಂದೆ ಮರಾಠಿ. ಅದು ನಮ್ಮದಲ್ಲ, ಕಾಡಸಿದ್ದ ಕಳ್ಳನಲ್ಲ, ತಾಲೂಕಿನಲ್ಲಿ ಯಾವ ಮಗುವೂ ಕಳುವಾಗಿಲ್ಲ. ಇಷ್ಟೇ.

ಅಥಣಿಯ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಹಂಚುವಾಗ ಒಬ್ಬ ಗಿರಾಕಿ ಅವರ ಎದುರಿಗೇ ಅಂದ: "ಸಿಕ್ಕೊಂಡ ಮ್ಯಾಲ ನಮ್ಮದಲ್ಲ ಅಂತಾರ."

ಆ ಹಾಳೆಗಳನ್ನು ಹಿಡಿದು ಅವರು ಕಾಡಸಿದ್ದನನ್ನು ಹೊಡೆದ ಹಳ್ಳಿಗೂ ಹೋದರು. ಅಲ್ಲಿ ಜಕ್ಕಪ್ಪ ಎಂಬವರಿದ್ದರು. ಜೋಳ, ಕಡಲೆ ಬೆಳೆಯುವ ಒಣ ಬೇಸಾಯದ ಹಿರಿಯರು, ಆಬಾಸಾಹೇಬರ ಕಾಲದಿಂದಲೂ ಚಂದಾದಾರರು. ಶುಕ್ರವಾರ ಸಂಜೆ ಊರ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ 'ಎರೆನೆಲ' ಓದುವುದು ಅವರ ರೂಢಿ. ಸುತ್ತ ಜನ ಕೂತು ಕೇಳುತ್ತಿದ್ದರು. ಅಕ್ಕ ಅವರ ಮನೆಯ ಮುಂದೆ ನಿಂತು ಕರೆದರೆ ಜಕ್ಕಪ್ಪ ಹೊರಗೆ ಬರಲಿಲ್ಲ. ಒಳಗಿನಿಂದಲೇ ಮಾತಾಡಿದರು.

"ಅಕ್ಕಾರ, ನಿಮಗ ಮುಖ ತೋರ್ಸಾಕ ಆಗವಲ್ದ್ರಿ."

"ನೀವೇನ ಮಾಡೀರಿ ಮಾಮಾ? ಬರ್ರಿ ಹೊರಗ."

ಬಹಳ ಹೊತ್ತಿನ ಮೇಲೆ ಬಂದು ಹೊಸ್ತಿಲ ಮೇಲೆ ಕೂತರು.

"ಅದನ್ನ ಓದಿ ಹೇಳಿದಾಂವ ನಾನ. ಬೆಳಿಗ್ಗೆ ಫೋನ್ ತಂದ ಕೊಟ್ರು, ಮಾಮಾ ಎರೆನೆಲದಾಗ ಏನೋ ಬಂದೈತಿ ಓದ್ರಿ ಅಂದ್ರು. ಓದಿನ್ರಿ. ಕಂಡಲ್ಲಿ ಹಿಡೀರಿ ಅನ್ನೂದನ್ನೂ ಓದಿನ್ರಿ. ಫೋನಿನಾಗ ಯಾಂವರೆ ಏನರೆ ಕಳಸ್ತಾನ, ಅದನ್ನ ಯಾರೂ ನಂಬತಿದ್ದಿಲ್ಲ. ನಿಮ್ಮ ಪೇಪರಂತ ನಂಬಿದ್ರು, ನಾ ಓದೀನಂತ ನಂಬಿದ್ರು."

"ಫೋನ್ ಯಾರ ತಂದಿದ್ರು?"

ಜಕ್ಕಪ್ಪ ತಲೆ ಅಲ್ಲಾಡಿಸಿದರು. "ನಮ್ಮೂರವರರಿ. ನಾ ಇಲ್ಲೇ ಇರಬೇಕಲ್ರಿ."

ಅಕ್ಕ ಒತ್ತಾಯ ಮಾಡಲಿಲ್ಲ. ಹಾಳೆಗಳನ್ನು ಅಲ್ಲಿಟ್ಟು ಬಸ್ಸು ಹತ್ತಿದರು. ಆ ಹೊತ್ತಿಗೆ ಅವರ ಮನಸ್ಸಿನಲ್ಲಿ ಪತ್ರಿಕೆ ಮುಗಿದಿತ್ತು. ಅಪ್ಪ ಇಷ್ಟು ವರ್ಷ ಗಳಿಸಿದ ನಂಬಿಕೆಯನ್ನೇ ಬಡಿಗೆ ಮಾಡಿಕೊಂಡು ಒಬ್ಬನನ್ನು ಹೊಡೆದರಲ್ಲ, ಅಂಥ ನಂಬಿಕೆ ಇಟ್ಟುಕೊಂಡು ಏನು ಮಾಡುವುದು ಎಂದು ಅವರು ನನ್ನನ್ನು ಕೇಳಿದರು. ಊಟ ಬಿಟ್ಟರು. ಬಸದಿಗೂ ಹೋಗಲಿಲ್ಲ. ಸೀಮಾ ಬೆಳಿಗ್ಗೆ ಬಂದು ಕಚೇರಿ ಗುಡಿಸಿ, ಖಾಲಿ ಮೇಜಿನ ಮುಂದೆ ಕೂತು ಹೋಗುತ್ತಿದ್ದಳು.

ಹೀಗಿರುವಾಗ ಒಂದು ಮಧ್ಯಾಹ್ನ ಜಕ್ಕಪ್ಪ ಕಚೇರಿಯ ಬಾಗಿಲಲ್ಲಿ ನಿಂತಿದ್ದರು. ನೀರು ಕೇಳಿ ಕುಡಿದರು.

"ನಿನ್ನಿ ಕಟ್ಟಿ ಮ್ಯಾಲ ಕರದ್ರು. ಮಾಮಾ, ಬ್ಯಾರೆ ಪೇಪರ ಐತಿ, ಓದ್ರಿ ಅಂದ್ರು. ಹೊಡದವರು ನನ್ನ ಮುಂದ ಕುಂತಿದ್ರು. ಏನೂ ಆಗಿಲ್ಲ ಅನ್ನುವಂಗ ಚುಟ್ಟಾ ಸೇದಾಕತ್ತಿದ್ರು. ನನಗ ಅಕ್ಷರ ಕಾಣಲಿಲ್ರಿ," ಎಂದರು. ಆಮೇಲೆ ರುಮಾಲು ಸರಿಮಾಡಿಕೊಂಡು ಎದ್ದರು. "ನಡೀರಿ, ಎಲ್ಲಿ ಹೇಳಬೇಕು ಅಲ್ಲಿ ಹೇಳ್ತೀನಿ."

ಫೋನು ತಂದವನು ಯಾರು, ಮೊದಲು ಕೈ ಎತ್ತಿದವರು ಯಾರು, ಎಲ್ಲವನ್ನೂ ಠಾಣೆಯಲ್ಲಿ ಹೇಳಿದರು. ಹೊಡೆದವರಲ್ಲಿ ಅವರ ಸ್ವಂತ ಅಣ್ಣನ ಮಗನೂ ಇದ್ದ. ಅವನ ಹೆಸರನ್ನೂ ಬಿಡಲಿಲ್ಲ.

ಆ ಫೋನಿನಿಂದ ಹಿಂದೆ ಹಿಂದೆ ಹೋದಾಗ ಪುಟ ಮಾಡಿದವನು ಸಿಕ್ಕ. ರೂಪೇಶ ಎಂದು, ಬೇರೆ ತಾಲೂಕಿನಲ್ಲಿ ಹುಟ್ಟುಹಬ್ಬದ ಬ್ಯಾನರು ಮಾಡುವ ಅಂಗಡಿಯವನು. ಅಕ್ಕನ ಮೇಲಿನ ಸಂಶಯ ಹೋಯಿತು, ಕಂಪ್ಯೂಟರು ವಾಪಸ್ಸು ಬಂತು. ಯಾರೋ ವೈರಿ ಮಾಡಿರಬೇಕು, ಇಲ್ಲವೆ ರಾಜಕಾರಣದ ಕೈ ಇರಬೇಕು ಎಂದು ನಾವೆಲ್ಲ ಎಣಿಸಿದ್ದೆವು. ಕೋರ್ಟಿನ ಅಂಗಳದಲ್ಲಿ ಅಕ್ಕ ಅವನನ್ನು ಕಂಡರು. ತೆಳ್ಳಗಿನ ಮನುಷ್ಯ, ಹೆಂಡತಿ ಪಕ್ಕದಲ್ಲಿ, ಆಕೆಯ ಸೊಂಟದಲ್ಲಿ ಒಂದು ಹೆಣ್ಣುಕೂಸು.

"ಯಾಕ ಮಾಡಿದೆಪಾ?" ಎಂದು ಕೇಳಿದರು.

"ಎಲ್ಲಾ ಗ್ರೂಪಿನಾಗೂ ಬರಾಕತ್ತಿತ್ರಿ, ಮಕ್ಕಳ ಕಳ್ಳರ ಬಂದಾರಂತ. ನನಗ ಖರೆ ಅನಿಸ್ತು. ನನಗೂ ಮಗಳದಾಳ್ರಿ. ಹಂಗ ಕಳಿಸಿದ್ರ ಜನ ನಗತಾರ. ಪೇಪರಿನಂಗ ಮಾಡಿದ್ರ ಹುಷಾರ ಆಗ್ತಾರಂತ ಮಾಡಿದ್ನಿ. ನಿಮ್ಮ ಪೇಪರ ಯಾರೂ ಸುಳ್ಳ ಅನ್ನಂಗಿಲ್ಲಲ್ರಿ."

ಅವನು ಅಳುತ್ತಿದ್ದ. ಅಕ್ಕನಿಗೆ ಬೈಯಲೂ ಬರಲಿಲ್ಲ, ಕ್ಷಮಿಸಲೂ ಬರಲಿಲ್ಲ. ತಿರುಗಿ ಬಂದರು.

ಪ್ರಕರಣ ಇನ್ನೂ ನಡೆದಿದೆ. ಜಕ್ಕಪ್ಪನವರ ಜೊತೆ ಅವರ ಊರಿನ ಬಹಳ ಜನ ಮಾತು ಬಿಟ್ಟಿದ್ದಾರೆ. ಅಣ್ಣನ ಮನೆಯ ಸುಖದುಃಖಕ್ಕೆ ಅವರನ್ನು ಕರೆಯುವುದಿಲ್ಲ. ಕಾಡಸಿದ್ದ ಆಸ್ಪತ್ರೆಯಿಂದ ಮನೆಗೆ ಬಂದ. ಅವನ ಕೈ ಕೂಡಿದೆ, ಆದರೆ ಗಟ್ಟಿಯಿಲ್ಲ. ಗಾಡಿಯ ಸಪ್ಪಳ ಕೇಳಿದರೆ ಒಳಗೆ ಹೋಗಿ ಕೂರುತ್ತಾನಂತೆ. ಜಕ್ಕಪ್ಪ ಠಾಣೆಗೆ ಬಂದ ಮೇಲೆ ಅಕ್ಕ ಪತ್ರಿಕೆ ಮತ್ತೆ ಶುರು ಮಾಡಿದರು, ಆದರೆ ಈಗ ಅದು ಮೊಬೈಲಿಗೆ ಹೋಗುವುದಿಲ್ಲ, ಕಾಗದದಲ್ಲಿ ಮಾತ್ರ. ಓದುಗರು ಅರ್ಧಕ್ಕಿಂತ ಕಡಿಮೆಯಾದರು. ಹೆಸರಾದರೂ ಬದಲಿಸಿ ಎಂದು ಕೆಲವರು ಹೇಳಿದರು. ಅದಕ್ಕೆ ಅಕ್ಕ ಒಪ್ಪಲಿಲ್ಲ. "ಹೆಸರ ಬದಲಿ ಮಾಡಿದ್ರ ತಪ್ಪ ಒಪ್ಕೊಂಡಂಗ," ಎಂದರು.

ಈ ಮುಂಗಾರಿಗೆ ಮುಂಚೆ ತುಳಸವ್ವ ತಾನಾಗಿಯೇ ಅಥಣಿಗೆ ಬಂದಳು. ಆಗ ನಾನೂ ಕಚೇರಿಯಲ್ಲಿದ್ದೆ. ಅವಳು ಕುರ್ಚಿಯ ಮೇಲೆ ಕೂರಲಿಲ್ಲ.

"ಈಗ ನಾ ಒಬ್ಬಾಕೀನ ಬಾಂಡೆ ಹೊತಗೊಂಡ ತಿರಗಾಕತ್ತೀನ್ರಿ. ಹೋದಲ್ಲೆಲ್ಲಾ ಹಿಂದಿಂದ ಅಂತಾರ, ಏನೂ ಮಾಡ್ಲಾರದವನ್ನ ಜನ ಹೊಡೀತಾರೇನು ಅಂತ. ನಾ ಹೇಳೂದನ್ನ ಪೇಪರ್‌ನ್ಯಾಗ ಹಾಕ್ತೀರೇನ್ರಿ?"

"ಹೇಳವಾ," ಎಂದರು ಅಕ್ಕ. ಸೀಮಾ ಕಂಪ್ಯೂಟರಿನ ಮುಂದೆ ಕೂತಳು. ತುಳಸವ್ವ ಹೇಳುತ್ತ ಹೋದಳು. ಒಂದು ಮಾತನ್ನೂ ತಿದ್ದಬೇಡ ಎಂದು ಅಕ್ಕ ಸೀಮಾಗೆ ಹೇಳಿದರು. ಹೇಳಿ ಮುಗಿದ ಮೇಲೆ ಅವಳಿಗೆ ಅದನ್ನು ಪೂರಾ ಓದಿ ಕೇಳಿಸಿದರು. ಗಂಡನ ಫೋಟೋ ಹಾಕಲೇ ಎಂದು ಕೇಳಿದ್ದಕ್ಕೆ ಬೇಡ ಎಂದಳು. "ಆ ಮಾರಿ ಮತ್ತ ಯಾರ ಫೋನಿನಾಗೂ ಹೋಗೂದು ಬ್ಯಾಡ್ರಿ."

ಆ ಶುಕ್ರವಾರ ಅದು ಮುಖಪುಟದಲ್ಲಿ ಬಂತು. ತುಳಸವ್ವ ಒಂದು ಕಟ್ಟು ಪತ್ರಿಕೆ ಒಯ್ದಳು. ಬಾಂಡೆಗಳ ಜೊತೆ ಅದನ್ನೂ ಬುಟ್ಟಿಯಲ್ಲಿಟ್ಟುಕೊಂಡು ಹೋಗುತ್ತಿದ್ದಾಳೆ. ಕೆಲವು ಓಣಿಗಳಲ್ಲಿ ಹೆಂಗಸರು ಓದಿ, ಕೂದಲು ಕೊಟ್ಟು, ಒಳಗೆ ಕರೆದು ಚಹಾ ಕೊಟ್ಟರಂತೆ. ಇನ್ನು ಕೆಲವು ಓಣಿಗಳಲ್ಲಿ ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದನ್ನೂ ನೀವ ಮಾಡಿಸೀರೇನು ಎಂದು ಕೇಳಿ ಬಾಗಿಲು ಹಾಕಿಕೊಂಡರಂತೆ. ಇದನ್ನೆಲ್ಲ ಅವಳು ಅಕ್ಕನಿಗೆ ಬಂದು ಹೇಳಿದಳು. ಅಕ್ಕ ಕೇಳಿಸಿಕೊಂಡು, ಬಾಗಿಲು ಹಾಕಿದ ಊರುಗಳ ಹೆಸರು ಕೇಳಿದರು. ಬರುವ ವಾರ ಅವಳ ಜೊತೆ ತಾವೂ ಆ ಓಣಿಗಳಿಗೆ ಹೋಗುತ್ತಾರಂತೆ.